ಮಲಗದ ಸೆಕೆಂಡುಗಳು

ವಾಲರೂ, ದಕ್ಷಿಣ ಆಸ್ಟ್ರೇಲಿಯಾ
12 ಮಾರ್ಚ್ 2011

ಪ್ರಿಯ ಡೆಸ್ ಅವರೇ,

ನೀವು ತಿದ್ದಿದ ಕೈಪಿಡಿ ಪುಟ ಮಂಗಳವಾರ ಸಿಕ್ಕಿತು. ಮೂರನೆಯ ಸಾಲಿನಲ್ಲಿ ನಾನು ಬೇಕೆಂದೇ ಇಟ್ಟಿದ್ದ ತಪ್ಪು ಪದಕ್ಕೆ ಎರಡು ಸುತ್ತು ಹಾಕಿದ್ದೀರಿ. ಏಳು ವರ್ಷದಲ್ಲಿ ನೀವು ಒಂದನ್ನೂ ಬಿಟ್ಟಿಲ್ಲ. ಓದದೆಯೇ ಓಕೆ ಅನ್ನುವವರನ್ನು ಹಿಡಿಯಬೇಕಾದರೆ ಪುಟದಲ್ಲಿ ಒಂದು ತಪ್ಪು ಹುದುಗಿಸಿಡು ಎಂದು ಕಲಿಸಿದವರೂ ನೀವೇ. ಆದ್ದರಿಂದ ನನಗೆ ಬೇಜಾರಿಲ್ಲ.

ಈ ಸಲದ ವಿಷಯವನ್ನು ನಮ್ಮವರೆಲ್ಲ ಓದುವ ಮೇಲಿಂಗ್ ಲಿಸ್ಟ್‌ಗೆ ಹಾಕದೆ ಕಾಗದದಲ್ಲಿ ಬರೆಯುತ್ತಿದ್ದೇನೆ. ಲಿಸ್ಟ್‌ನಲ್ಲಿ ಬರೆದದ್ದು ಇಪ್ಪತ್ತು ವರ್ಷದ ನಂತರವೂ ಯಾರ ಕಣ್ಣಿಗಾದರೂ ಬೀಳುತ್ತದೆ. ನಾನು ತಪ್ಪು ತಿಳಿದಿದ್ದರೆ ನಿಮಗೊಬ್ಬರಿಗೆ ಗೊತ್ತಾದರೆ ಸಾಕು.

ನಮ್ಮ ಜೆಟ್ಟಿಯ ತುದಿಯಲ್ಲಿ ನೀರಿನ ಮಟ್ಟ ತೋರಿಸುವ ಹಲಗೆಯೊಂದಿದೆ. ಏಡಿ ಹಿಡಿಯುವವರೆಲ್ಲ ಅದನ್ನು ನೋಡಿಯೇ ನೀರಿಗಿಳಿಯುವುದು. ಅದರೊಳಗಿನ ಪೆಟ್ಟಿಗೆಯಲ್ಲಿ ಓಡುವುದು ನಮ್ಮ ಟರ್ನ್ ಆಪರೇಟಿಂಗ್ ಸಿಸ್ಟಂ. ಎರಡು ತಿಂಗಳಿಂದ ಅದರ ಗಡಿಯಾರ ಮುಂದೆ ಓಡುತ್ತಿದೆ. ನಾನು ಕೆಲಸ ಮಾಡುವ, ಮೀನು ಕರಿದು ಮಾರುವ ಅಂಗಡಿಯ ಮಾಲೀಕ ಕೆವ್ ದಿನಾ ಕಾಡಿಸುತ್ತಾರೆ. "ಏನಮ್ಮಾ ಮೆರಿನ್, ನಿನ್ ಗಡಿಯಾರ ಆಗ್ಲೇ ಮಧ್ಯಾಹ್ನದ ಊಟ ಮುಗಿಸ್ಬಿಟ್ಟಿದೆ, ನಮಗಿನ್ನೂ ಬೆಳಗಿನ ಟೀ ಆಗಿಲ್ಲ."

ಅದು ನನ್ನ ಗಡಿಯಾರವಲ್ಲ, ಅದರ ಕೆಳಗಿರುವ ಸಿ ಲೈಬ್ರರಿಯ ಪುಟಗಳನ್ನಷ್ಟೇ ನಾನು ಬರೆಯುವುದು ಅಂದೆ.

"ಲೈಬ್ರರಿ ಅಂದ್ರೆ? ಪುಸ್ತಕದ್ದಾ?"

"ಅಲ್ಲ. ಎಲ್ಲಾ ಪ್ರೋಗ್ರಾಮುಗಳೂ ಸಣ್ಣಪುಟ್ಟ ಕೆಲಸಕ್ಕೆ ಅಲ್ಲಿಗೇ ಬರ್ತಾವೆ. ಅಕ್ಷರ ಎಣಿಸೋಕೆ, ಹೊತ್ತೆಷ್ಟು ಅಂತ ಕೇಳೋಕೆ, ಒಂದಷ್ಟು ಹೊತ್ತು ಮಲಗೋಕೆ."

"ಮಲಗೋಕೂ ಲೈಬ್ರರಿ ಬೇಕಾ? ನಮ್ ಡ್ಯಾರೆನ್‌ಗೆ ಯಾರೂ ಕಲಿಸ್ಲೇ ಇಲ್ಲ ನೋಡು" ಅಂದರು. ಡ್ಯಾರೆನ್ ಅವರ ಮಗ, ಹಿಂದಿನ ಕೋಣೆಯಲ್ಲಿದ್ದ. ಅವನಿಗೆ ಕೇಳಿಸಿತು.

ಮಲಗಿಸುವ ಆ ಫೈಲಿನಲ್ಲೇ ತಪ್ಪಿದೆ ಎಂದು ನನ್ನ ಅನುಮಾನ. ಅರವತ್ತು ಸೆಕೆಂಡು ಮಲಗು ಅಂದರೆ ಪ್ರೋಗ್ರಾಮು ಮಲಗುತ್ತದೆ. ನಡುವೆ ಯಾರಾದರೂ ಎಬ್ಬಿಸಿದರೆ, ಮಲಗದ ಸೆಕೆಂಡುಗಳು ಎಷ್ಟು ಉಳಿದವು ಎಂದು ಹೇಳಬೇಕು. ಪುಟದಲ್ಲಿ ಹಾಗೆ ಬರೆದಿದೆ. ಆದರೆ ಕೋಡಿನ ಕೊನೆಯ ಸಾಲು ಉಳಿದದ್ದರಲ್ಲಿ ಚೂರನ್ನು ಬಿಟ್ಟುಬಿಡುತ್ತದೆ. ನಲವತ್ತೆರಡೂ ಮುಕ್ಕಾಲು ಉಳಿದಿದ್ದರೆ ನಲವತ್ತೆರಡು ಅನ್ನುತ್ತದೆ. ಮುಕ್ಕಾಲು ಮಾತ್ರ ಉಳಿದಿದ್ದರೆ ಏನೂ ಉಳಿದಿಲ್ಲ ಅನ್ನುತ್ತದೆ. ನಮ್ಮ ಜೆಟ್ಟಿಯಲ್ಲಿ ಪ್ರತಿ ದೊಡ್ಡ ಅಲೆಯೂ ಪೆಟ್ಟಿಗೆಯನ್ನು ಎಬ್ಬಿಸುತ್ತದೆ. ಗಾಳಿ ಜೋರಿದ್ದ ದಿನ ಗಡಿಯಾರವೂ ಜೋರು.

ಗಡಿಯಾರದ ಪ್ರೋಗ್ರಾಮನ್ನು ನಾನು ಬೇರೆಯಾಗಿ ಸರಿಮಾಡಿದ್ದೇನೆ. ನಿದ್ದೆ ಎಣಿಸಿ ಹೊತ್ತು ಹೇಳುವುದೇ ದಡ್ಡತನ. ಆದರೆ ಲೈಬ್ರರಿ ಕೊಟ್ಟ ಮಾತೇನಾಯಿತು? ಚೂರು ಉಳಿದರೂ ಒಂದು ಎಂದು ಏರಿಸಿ ಹೇಳುವಂತೆ ಆ ಒಂದು ಸಾಲನ್ನು ಬದಲಿಸಿದ್ದೇನೆ. ಪುಟವನ್ನೂ ಜೊತೆಗಿಟ್ಟಿದ್ದೇನೆ. ನಿಮ್ಮ ಓಕೆ ಬೇಕು.

ಕಾಯುತ್ತಿರುವ,
ಮೆರಿನ್ ಜೇಗೋ

*

ಸ್ಟ್ಯಾನ್ಲಿ, ಟಾಸ್ಮೇನಿಯಾ
25 ಮಾರ್ಚ್ 2011

ಮೆರಿನ್,

ಆರನೆಯ ಸಾಲಿನಲ್ಲಿ 'ಎಬ್ಬಿಸಿದರೆ' ಇರಬೇಕಾದಲ್ಲಿ 'ಎಬ್ಬಿಸದಿದ್ದರೆ' ಇದೆ. ಈ ಸಲ ಸುಲಭ ಮಾಡಿದ್ದೀಯ.

ಕೋಡನ್ನು ಮುಟ್ಟಬೇಡ. ಹತ್ತೊಂಬತ್ತು ವರ್ಷದಿಂದ ಹಾಗೇ ಓಡುತ್ತಿದೆ. ಎಷ್ಟು ಪೆಟ್ಟಿಗೆಗಳು ಎಷ್ಟು ದ್ವೀಪಗಳಲ್ಲಿ ಅದನ್ನು ನಂಬಿ ಕೂತಿವೆಯೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪುಟ ಒಂದು ಹೇಳಿ ಕೋಡು ಇನ್ನೊಂದು ಮಾಡಿದರೆ ಪುಟವನ್ನು ತಿದ್ದುವುದು ಅಗ್ಗ. 'ಚೂರನ್ನು ಎಣಿಸುವುದಿಲ್ಲ' ಎಂದು ಒಂದು ಸಾಲು ಸೇರಿಸು, ಅದಕ್ಕೆ ಓಕೆ ಕೊಡುತ್ತೇನೆ.

ಇಲ್ಲಿ ಕಡಲಹಕ್ಕಿಗಳು ಹೊರಡುವ ತಯಾರಿಯಲ್ಲಿವೆ. ಇನ್ನು ಮೂರು ವಾರ. ಆಮೇಲೆ ಗುಡ್ಡದ ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

ಡೆಸ್ ಹಾರಿಗನ್

*

ವಾಲರೂ
9 ಏಪ್ರಿಲ್ 2011

ಪ್ರಿಯ ಡೆಸ್ ಅವರೇ,

ನಿಮಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಈ ಕಾಗದ ಮೂರನೆಯ ಸಲ ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಅಪ್ಪ ದೋಣಿ ಮಾರಿದ ವರ್ಷ ಶಾಲೆ ಬಿಟ್ಟೆ. ಅಂಗಡಿಯ ಹಳೆಯ ತೂಕದ ಯಂತ್ರದಲ್ಲಿ ಟರ್ನ್ ಇತ್ತು, ಅದರ ಕೈಪಿಡಿ ಇತ್ತು. ಬೇರೆ ಓದಲು ಏನೂ ಇರಲಿಲ್ಲವಾದ್ದರಿಂದ ಅದನ್ನೇ ಓದಿದೆ. ಒಂದು ವಾಕ್ಯ ಅರ್ಥವಾಗಲಿಲ್ಲ. ನನ್ನ ದಡ್ಡತನ ಅಂದುಕೊಂಡೇ ಲಿಸ್ಟ್‌ಗೆ ಬರೆದೆ. ವಾಕ್ಯವೇ ತಪ್ಪು, ತಿದ್ದಿ ಕಳಿಸು ಎಂದು ನೀವು ಉತ್ತರ ಕೊಟ್ಟಿರಿ. ಆಮೇಲೆ ಹೀಗೆ ಬರೆದಿರಿ: 'ಯಾರೋ ಒಬ್ಬರು ಎಲ್ಲೋ ಒಂಟಿಯಾಗಿ ಕೂತು ಈ ಪುಟ ಓದುತ್ತಿರುತ್ತಾರೆ. ಅವರಿಗೆ ಕೇಳಲು ಬೇರೆ ಯಾರೂ ಇರುವುದಿಲ್ಲ. ಅದನ್ನು ನೆನಪಿಟ್ಟು ಬರೆ.' ಅದನ್ನು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ್ದೇನೆ. ಎಣ್ಣೆ ಸಿಡಿದು ಹಳದಿಯಾಗಿದೆ.

ಆ ಓದುವವರಿಗೆ 'ಚೂರನ್ನು ಎಣಿಸುವುದಿಲ್ಲ' ಎಂದು ನಾನು ಹೇಗೆ ಬರೆಯಲಿ? ಚೂರು ಉಳಿದಿದೆಯಲ್ಲ. ಉಳಿದಿರುವಾಗ ಉಳಿದಿಲ್ಲ ಅನ್ನುವುದು ಸುಳ್ಳು. ಆ ಸುಳ್ಳನ್ನು ಪುಟದಲ್ಲಿ ವಿವರಿಸಿದ ಮಾತ್ರಕ್ಕೆ ನಿಜವಾಗುವುದಿಲ್ಲ.

ಆ ಸಾಲು ಯಾವಾಗ ಬಂತೆಂದು ಫೈಲಿನ ಹಳೆಯ ದಾಖಲೆ ತೆಗೆದು ನೋಡಿದೆ. 1992ರ ಜೂನ್‌ನಲ್ಲಿ ಬರೆದವರು ಕಾಲಿನ್ ಪ್ರೌಸ್ ಎಂದಿದೆ. ಕೆಳಗೆ 'ಓಕೆ ಡೆಸ್' ಎಂದಿದೆ. ಆಮೇಲೆ ಆ ಹೆಸರು ಎಲ್ಲೂ ಇಲ್ಲ. ಯಾರವರು? ಅವರನ್ನು ಕೇಳಬಹುದೇ?

ಬೇಸರ ಮಾಡಿಕೊಳ್ಳಬೇಡಿ.

ಮೆರಿನ್

*

ಸ್ಟ್ಯಾನ್ಲಿ
20 ಜೂನ್ 2011

ಮೆರಿನ್,

ತಡವಾಯಿತು. ಚಳಿ.

ಅವನನ್ನು ಕೇಳಲು ಆಗುವುದಿಲ್ಲ. ಆ ಫೈಲನ್ನು ಬಿಟ್ಟುಬಿಡು. ಬೇರೆ ನೂರು ಪುಟಗಳಿವೆ.

ಡೆಸ್

*

ವಾಲರೂ
3 ಜುಲೈ 2011

ಪ್ರಿಯ ಡೆಸ್ ಅವರೇ,

ಎರಡೂವರೆ ತಿಂಗಳು ಕಾದು ನಾಲ್ಕು ಸಾಲು ಸಿಕ್ಕಿತು. ಅದೂ ಒಂದು ಹಾಳೆಯ ತುಂಬ. ಅಕ್ಷರಗಳು ಅಷ್ಟು ದೊಡ್ಡವು. ಕೆವ್ ಲಕೋಟೆ ನೋಡಿ, "ಏನು, ಮಾರ್ಕರ್‌ನಲ್ಲಿ ಬರ್ದಿದಾರಲ್ಲ, ಮೀನಿನ ರೇಟ್ ಬೋರ್ಡಾ ಇದು?" ಅಂದರು. ಅವರು ಹೇಳಿದ್ದಕ್ಕೆ ನಾನೂ ನಕ್ಕೆ. ಆಮೇಲೆ ಯಾಕೋ ನಗಬಾರದಿತ್ತು ಅನ್ನಿಸಿತು.

ಕಳೆದ ವಾರ ಲಿಸ್ಟ್‌ನಲ್ಲಿ ನಾನು ಒಂದು ಪ್ರಶ್ನೆ ಹಾಕಿದೆ. ಟರ್ನ್ ಲೈಬ್ರರಿಯ ಬದಲಾವಣೆಗೆ ಓಕೆ ಕೊಡುವವರು ಈಗ ಯಾರ್ಯಾರಿದ್ದೀರಿ ಎಂದು. ಯಾರೂ ಉತ್ತರಿಸಲಿಲ್ಲ. ಹೆಸರುಗಳ ಪಟ್ಟಿಯಲ್ಲಿ ಹನ್ನೊಂದು ಜನರಿದ್ದಾರೆ. ಒಬ್ಬೊಬ್ಬರಿಗೂ ಬರೆದೆ. ನಾಲ್ಕು ಮೇಲ್ ವಿಳಾಸವಿಲ್ಲವೆಂದು ಹಿಂದಕ್ಕೆ ಬಂದವು. ಒಬ್ಬರು, ನಾನು ಈಗ ಕುರಿ ಸಾಕುತ್ತಿದ್ದೇನೆ, ಒಳ್ಳೆಯದಾಗಲಿ, ಎಂದು ಬರೆದಿದ್ದಾರೆ. ಉಳಿದವರದ್ದು ಸುದ್ದಿಯೇ ಇಲ್ಲ. ಅಂದರೆ ಈಗಿರುವುದು ನೀವು ಮತ್ತು ನಾನು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದದೆ ಏನೂ ಒಳಗೆ ಹೋಗಬಾರದು ಎಂಬುದು ನಮ್ಮ ನಿಯಮ. ನೀವು ಓದದಿದ್ದರೆ ಲೈಬ್ರರಿ ಇಲ್ಲಿಗೇ ನಿಲ್ಲುತ್ತದೆ.

ಸಿಟ್ಟಿನಿಂದ ಬರೆಯುತ್ತಿಲ್ಲ. ಏಳು ವರ್ಷದಿಂದ ನಾನು ಬರೆದದ್ದನ್ನು ಪೂರ್ತಿ ಓದಿದವರು ನೀವೊಬ್ಬರೇ. ಅದು ನಿಂತರೆ ಇಲ್ಲಿ ನನಗೆ ಏನು ಉಳಿಯುತ್ತದೋ ತಿಳಿಯುತ್ತಿಲ್ಲ.

ಅದೇ ಒಂದು ಸಾಲಿನ ಬದಲಾವಣೆ, ಅದೇ ಪುಟ, ಮತ್ತೆ ಇಟ್ಟಿದ್ದೇನೆ. ದಯವಿಟ್ಟು ಓದಿ. ಬೇಡ ಎಂದಾದರೂ ಹೇಳಿ, ಆದರೆ ಓದಿ ಹೇಳಿ.

ಮೆರಿನ್

*

ಸ್ಟ್ಯಾನ್ಲಿ
19 ಜುಲೈ 2011

ಓದಿದೆ. ಓಕೆ.

ಡೆಸ್

*

ವಾಲರೂ
1 ಆಗಸ್ಟ್ 2011

ಪ್ರಿಯ ಡೆಸ್ ಅವರೇ,

ನಿಮ್ಮ ಓಕೆ ನಾನು ತೆಗೆದುಕೊಳ್ಳುವುದಿಲ್ಲ.

ಪುಟದ ನಾಲ್ಕನೆಯ ಸಾಲಿನಲ್ಲಿ 'ಮಲಗದ ಸೆಕೆಂಡುಗಳು' ಇರಬೇಕಾದಲ್ಲಿ 'ಮಲಗಿದ ಸೆಕೆಂಡುಗಳು' ಎಂದು ಈ ಸಲ ಹೊಸದಾಗಿ ಇಟ್ಟಿದ್ದೆ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ತರಹ ಕಾಣುತ್ತದೆ, ಅರ್ಥ ಪೂರ್ತಿ ತಲೆಕೆಳಗು. ಇಡೀ ಪುಟದ ಜೀವವೇ ಆ ಪದ. ನೀವು ಅದನ್ನು ಬಿಡುವವರಲ್ಲ. ಹಾಗಾದರೆ ನೀವು ಓದಿಲ್ಲ.

ಓಕೆ ಬಂದ ದಿನ ನನಗೆ ಸಂತೋಷವಾಗಬೇಕಿತ್ತು. ಬದಲಾವಣೆ ಒಳಗೆ ಹಾಕಲು ಕೂತೆ, ಕೈ ಬರಲಿಲ್ಲ. ಕೆವ್ ಕೇಳಿದರು, "ಯಾರೋ ಸತ್ತಂಗೆ ಕೂತಿದ್ದೀಯಲ್ಲ, ಏನಾಯ್ತು?" ಒಬ್ಬರು ನನಗೆ ಹೂಂ ಅಂದುಬಿಟ್ಟರು ಅಂದೆ. "ಅದಕ್ಕಾ ಈ ಮುಖ?" ಅಂದರು.

ನನ್ನ ಮೇಲೆ ಬೇಸರವಾಗಿ ಹೀಗೆ ಮಾಡಿದಿರಾ? ಹಾಗಿದ್ದರೆ ಅಷ್ಟನ್ನಾದರೂ ಬರೆಯಿರಿ.

ಮೆರಿನ್

*

ಸ್ಟ್ಯಾನ್ಲಿ
15 ಆಗಸ್ಟ್ 2011

ಮೆರಿನ್,

ಇದು ನನ್ನ ಅಕ್ಷರವಲ್ಲ. ಅಂಚೆ ಕಚೇರಿಯ ವ್ಯಾಲ್ ಬರೆಯುತ್ತಿದ್ದಾಳೆ. ಏಪ್ರಿಲ್‌ನಿಂದ ನಿನ್ನ ಕಾಗದಗಳನ್ನು ಓದಿ ಹೇಳುವವಳೂ ಅವಳೇ. ಕೌಂಟರಿನ ಆಚೆಯಿಂದ ಗಟ್ಟಿಯಾಗಿ ಓದುತ್ತಾಳೆ. ಸಾಲಿನಲ್ಲಿ ನಿಂತವರೂ ಕೇಳಿಸಿಕೊಳ್ಳುತ್ತಾರೆ. ನಿಮ್ಮ ಜೆಟ್ಟಿ ಗಡಿಯಾರದ ಸಮಾಚಾರ ಇಲ್ಲಿ ಎಲ್ಲರಿಗೂ ಗೊತ್ತು.

ನನ್ನ ಕಣ್ಣಿನ ನಡುಭಾಗ ಹೋಗಿದೆ. ಅಂಚು ಕಾಣುತ್ತದೆ, ನೋಡಬೇಕೆಂದ ಜಾಗ ಕಾಣುವುದಿಲ್ಲ. ಬಾಗಿಲು ಕಾಣುತ್ತದೆ, ಬಂದವರ ಮುಖ ಕಾಣುವುದಿಲ್ಲ. ಡಾಕ್ಟರು ಇನ್ನು ಸರಿಹೋಗುವುದಿಲ್ಲ ಅಂದರು. ಮಾರ್ಚ್‌ನಲ್ಲಿ ನಿನ್ನ ತಪ್ಪು ಹುಡುಕಲು ಭೂತಗನ್ನಡಿ ಹಿಡಿದು ಎರಡು ದಿನ ಕೂತಿದ್ದೆ. ಸುಲಭ ಮಾಡಿದ್ದೀಯ ಎಂದು ಬರೆದೆನಲ್ಲ, ಅದು ಸುಳ್ಳು. ಜುಲೈನಲ್ಲಿ ಭೂತಗನ್ನಡಿಯೂ ಕೆಲಸಕ್ಕೆ ಬರಲಿಲ್ಲ.

ವ್ಯಾಲ್ ಕೈಲಿ ಕೋಡು ಓದಿಸಿದೆ. "ಮೊದ್ಲು ಮೀಸೆ ತರದ್ದೊಂದು ಗುರುತಿದೆ ಡೆಸ್, ಕೊನೇಲಿ ಆ ಕಡೆ ತಿರುಗಿದ ಮೀಸೆ. ನಡುವೆ ಎಲ್ಲಾ ನೊಣ ಕೂತಂಗಿದೆ" ಅಂದಳು. ಪುಟವನ್ನೂ ಓದಿದಳು, ಪಾಪ, ನೀನು ಇಟ್ಟ ತಪ್ಪು ಪದವನ್ನು ತಾನೇ ಸರಿಮಾಡಿಕೊಂಡು ಓದಿರಬೇಕು. ಕೇಳುವಾಗ ಎಲ್ಲ ಸರಿಯಿತ್ತು.

(ಇದು ವ್ಯಾಲ್: ನಾನು ಏನಿದೆಯೋ ಅದನ್ನೇ ಓದಿದ್ದು ಅನ್ನಿಸುತ್ತದೆ. ಆದರೂ ಕ್ಷಮಿಸಮ್ಮ.)

ಈಗ ಕಾಲಿನ್ ವಿಷಯ. ಇಲ್ಲೇ ಹತ್ತಿರದ ಬರ್ನಿ ಊರಿನಲ್ಲಿದ್ದ. ಟರ್ನ್ ಶುರುಮಾಡಿದ್ದು ನಾವಿಬ್ಬರು. ನಿನ್ನ ಹಾಗೇ ಅವನೂ. ಪುಟವೆಂದರೆ ಕೊಟ್ಟ ಮಾತು, ಕೋಡು ಅದಕ್ಕೆ ತಲೆಬಾಗಬೇಕು ಅನ್ನುತ್ತಿದ್ದ. ಓಡುತ್ತಿರುವುದೇ ನಿಜ, ಪುಟ ಅದನ್ನು ಹಿಂಬಾಲಿಸಲಿ ಅನ್ನುತ್ತಿದ್ದೆ ನಾನು. ಇಷ್ಟಕ್ಕೇ ಮಾತು ಬಿಟ್ಟೆವು. ಎಂಟು ತಿಂಗಳು ಬರೀ ಬದಲಾವಣೆಗಳು, ಓಕೆಗಳು. ಜೂನ್‌ನಲ್ಲಿ ಈ ಫೈಲು ಕಳಿಸಿದ. ನಾನು ತೆರೆಯಲೇ ಇಲ್ಲ. ಎರಡಕ್ಷರ ಒತ್ತಿ ಕಳಿಸಿದೆ. ಆಗಸ್ಟ್‌ನಲ್ಲಿ ಅವನು ಹೃದಯ ನಿಂತು ಹೋದ. ಅವನನ್ನು ಮಣ್ಣು ಮಾಡಿ ಬಂದ ವಾರ ಆ ಫೈಲು ತೆರೆದೆ. ಕೋಡಿನ ಕೆಳಗೆ ಹೀಗಿತ್ತು: 'ಕೊನೆಯ ಸಾಲು ಒಮ್ಮೆ ನೋಡು ಡೆಸ್. ಉಳಿದ ಚೂರನ್ನು ಕಳೆದುಬಿಟ್ಟಿದ್ದೇನೆ ಅನ್ನಿಸುತ್ತಿದೆ. ಭಾನುವಾರ ಬರ್ತೀಯಾ? ಮಾತಾಡೋದಿದೆ.'

ಅದಕ್ಕೆ ನಾನು ಓಕೆ ಅಂದಿದ್ದೆ. ಆ ಭಾನುವಾರ ಅವನು ಅಡುಗೆ ಮಾಡಿ ಕಾದಿದ್ದನಂತೆ. ಅವನ ತಂಗಿ ಹೇಳಿದಳು.

ಆ ಸಾಲು ತಪ್ಪು ಎಂದು ಅಂದಿನಿಂದ ಗೊತ್ತು. ತಿದ್ದಿದರೆ ಅವನು ಕೇಳಿದ್ದ ಕೊನೆಯ ಪ್ರಶ್ನೆ ಅಳಿಸಿಹೋಗುತ್ತದೆ ಅನ್ನಿಸುತ್ತಿತ್ತು. ನೀನು ಬೈದದ್ದು ಸರಿ. ಓದದೆ ಓಕೆ ಕೊಟ್ಟದ್ದು ಜೀವಮಾನದಲ್ಲಿ ಎರಡು ಸಲ, ಎರಡೂ ಇದೇ ಫೈಲಿಗೆ. ನನ್ನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕು.

ಡೆಸ್

*

ವಾಲರೂ
24 ಆಗಸ್ಟ್ 2011

ಪ್ರಿಯ ಡೆಸ್ ಅವರೇ,

ಪಟ್ಟಿಯಿಂದ ಹೆಸರು ತೆಗೆಯಲು ಇನ್ನೊಬ್ಬರ ಓಕೆ ಬೇಕು. ನಾನು ಕೊಡುವುದಿಲ್ಲ.

ಫೋನೆಂದರೆ ನನಗೆ ಆಗದು. ಅಂಗಡಿಗೆ ಆರ್ಡರ್ ಬಂದರೂ ಡ್ಯಾರೆನ್‌ಗೆ ಕೊಟ್ಟುಬಿಡುತ್ತೇನೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ಆದರೆ ಓದುವುದು ಬೇರೆ, ಮಾತಾಡುವುದು ಬೇರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಸೆಪ್ಟೆಂಬರ್ ನಾಲ್ಕು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಮನೆಗೆ ಫೋನ್ ಮಾಡುತ್ತೇನೆ. ಫೈಲನ್ನು ಒಂದೊಂದೇ ಗುರುತು ಬಿಡದೆ ಓದುತ್ತೇನೆ. ಆಮೇಲೆ ಪುಟ. ತಪ್ಪು ಎಲ್ಲಿ ಇಟ್ಟಿದ್ದೇನೆಂದು ಹೇಳುವುದಿಲ್ಲ.

ದಯವಿಟ್ಟು ಮನೆಯಲ್ಲಿರಿ.

ಮೆರಿನ್

*

ಸ್ಟ್ಯಾನ್ಲಿ
7 ಸೆಪ್ಟೆಂಬರ್ 2011

ಮೆರಿನ್,

ಮತ್ತೆ ವ್ಯಾಲ್ ಕೈಬರಹ.

ಮೊದಲ ಎರಡು ನಿಮಿಷ ನೀನು ಮಾತಾಡಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ಹಿಂದೆ ಎಣ್ಣೆ ಚುರುಗುಡುವ ಸದ್ದು. ಯಾರೋ ಗಂಡಸು "ಓದೇ, ಅವರೇನು ಫೋನೊಳಗಿಂದ ಬಂದು ಕಚ್ತಾರಾ?" ಅಂದದ್ದೂ ಕೇಳಿಸಿತು. ಆಮೇಲೆ ಶುರುಮಾಡಿದೆ. ನಿನ್ನ ದನಿ ಇಷ್ಟು ಸಣ್ಣದು ಅಂದುಕೊಂಡಿರಲಿಲ್ಲ. ಏಳು ವರ್ಷ ಬೇರೆ ದನಿಯಲ್ಲಿ ನಿನ್ನನ್ನು ಓದಿದ್ದೆ.

ಕೇಳುವುದು ಓದುವುದಕ್ಕಿಂತ ನಿಧಾನ. ಅದಕ್ಕೇ ಇರಬೇಕು, ಪುಟದ ಒಂಬತ್ತನೆಯ ಸಾಲು ಬಂದಾಗ ತಪ್ಪು ಕಿವಿಗೆ ಕಲ್ಲಿನ ಹಾಗೆ ಬಡಿಯಿತು. 'ಕನಿಷ್ಠ' ಇರಬೇಕಾದಲ್ಲಿ 'ಗರಿಷ್ಠ'. ನಾನು ಹೇಳಿದಾಗ ನೀನು ನಕ್ಕೆಯೋ ಅತ್ತೆಯೋ ಗೊತ್ತಾಗಲಿಲ್ಲ. ಕೇಳಲಿಲ್ಲ.

ಓಕೆ. ಈ ಸಲ ನಿಜವಾದದ್ದು. ದಾಖಲೆಯಲ್ಲಿ ಹೀಗೆ ಹಾಕು, ಒಂದು ಪದವನ್ನೂ ಬದಲಿಸಬೇಡ:

'ಕೊನೆಯ ಸಾಲು ನೋಡು ಎಂದು ಕಾಲಿನ್ ಪ್ರೌಸ್ 1992ರಲ್ಲಿ ಕೇಳಿದ್ದ. ಈಗ ನೋಡಿದೆ. ಅವನ ಅನುಮಾನ ಸರಿ. ಏನಾದರೂ ಉಳಿದಿದ್ದರೆ ಏನೂ ಉಳಿದಿಲ್ಲ ಎಂದು ಇನ್ನು ಹೇಳುವುದಿಲ್ಲ. ತಿದ್ದಿದವರು ಮೆರಿನ್ ಜೇಗೋ. ಓಕೆ ಡೆಸ್.'

ಲಿಸ್ಟ್‌ಗೂ ಕಳಿಸು. ಇಪ್ಪತ್ತು ವರ್ಷದ ನಂತರ ಯಾರಾದರೂ ಓದಲಿ.

ನೀನು ಪ್ರತಿ ತಿಂಗಳೂ ಹೀಗೆ ಫೋನಿನಲ್ಲಿ ಓದುತ್ತೇನೆ ಅಂದೆ. ಅಷ್ಟು ಕಷ್ಟಪಡಬೇಡ, ಕೊನೆಗೆ ನಿನ್ನ ಗಂಟಲು ಹೋಗಿತ್ತು. ಕೆಲಸ ನಿಂತರೂ ನನಗಿಲ್ಲಿ ಬೇಜಾರೇನೂ ಇಲ್ಲ. ಬೆಳಿಗ್ಗೆ ಅಂಚೆ ಕಚೇರಿ, ಮಧ್ಯಾಹ್ನ ಬಂದರಿನ ಬೆಂಚು. ತಿಂಗಳ ಕೊನೆಗೆ ಕಡಲಹಕ್ಕಿಗಳು ಹಿಂದಿರುಗುತ್ತವೆ, ಅವುಗಳ ಸದ್ದಿಗೆ ಕಣ್ಣು ಬೇಕಾಗಿಲ್ಲ.

ನಿನಗೆ ಕಲಿಸಿದ ಪಾಠವನ್ನು ನಿನ್ನ ಮೇಲೇ ಪ್ರಯೋಗಿಸುತ್ತೇನೆ. ಈ ಕಾಗದದಲ್ಲಿ ಒಂದು ತಪ್ಪು ಮಾತು ಇಟ್ಟಿದ್ದೇನೆ. ಓದುತ್ತೀಯೋ ಸುಮ್ಮನೆ ಕಣ್ಣಾಡಿಸುತ್ತೀಯೋ ನೋಡೋಣ.

(ವ್ಯಾಲ್: ಯಾವುದು ಅಂತ ನನಗೂ ಹೇಳಲಿಲ್ಲ. ಬರೆದು ಮುಗಿಸಿ ನಾನು ಇನ್ನೊಮ್ಮೆ ಓದಿದೆ. ನನಗೆ ಗೊತ್ತಾಯಿತು.)

ಡೆಸ್

*

ವಾಲರೂ
14 ಸೆಪ್ಟೆಂಬರ್ 2011

ಪ್ರಿಯ ಡೆಸ್,

ಸಿಕ್ಕಿತು. ಕೊನೆಯಿಂದ ಮೂರನೆಯ ಪ್ಯಾರಾ. 'ಬೇಜಾರೇನೂ ಇಲ್ಲ.'

ಕೆವ್ ಹತ್ತಿರ ಮೂರು ವಾರ ರಜೆ ಕೇಳಿದೆ. "ರಜೆ ತಗೊಂಡು ಎಲ್ಲಿಗೆ ಹೋಗ್ತೀಯ, ಅಡಿಲೇಡ್ ದಾಟಿದ್ದುಂಟಾ ನೀನು?" ಅಂದರು. ಟಾಸ್ಮೇನಿಯಾಕ್ಕೆ ಅಂದೆ. "ಸ್ವೆಟರ್ ತಗೊಂಡೋಗು" ಅಂದರು.

ಮೆಲ್ಬರ್ನ್‌ನಿಂದ ಹಡಗು ಇಪ್ಪತ್ತಾರನೆಯ ತಾರೀಕು. ನಿಮ್ಮ ಊರಿಗೆ ಬಸ್ಸು ಇಪ್ಪತ್ತೇಳರ ಮಧ್ಯಾಹ್ನ ಬರುತ್ತದಂತೆ. ನನ್ನ ಮುಖ ನಿಮಗೆ ಕಾಣುವುದಿಲ್ಲ, ನಿಮ್ಮದನ್ನು ನಾನು ನೋಡಿಲ್ಲ. ಆದ್ದರಿಂದ ಬಂದರಿನ ಬೆಂಚಿನ ಮೇಲೆ ಕೂತಿರಿ. ನಾನು ಬಂದು ಪಕ್ಕದಲ್ಲಿ ಕೂತು ಓದಲು ಶುರುಮಾಡುತ್ತೇನೆ. ಅಕ್ಷರ ಎಣಿಸುವ ಪುಟದಿಂದ. ಅದರ ಎರಡನೆಯ ಸಾಲಿನ ಮೇಲೆ ನನಗೆ ಬಹಳ ದಿನದಿಂದ ಅನುಮಾನವಿದೆ.

ನಾನು ಮಾತಾಡದೆ ಕೂತರೆ ಎರಡು ನಿಮಿಷ ಕಾಯಿರಿ.

ಮೆರಿನ್